ಅಜ್ಜಿಯ ಹಾಡು ಯಾರ ಸರ್ವರಿನಲ್ಲಿ?

ಧ್ವನಿಮುದ್ರಿಕೆಯೊಂದನ್ನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಿಸುವುದು ಈಗ ಅರ್ಧ ನಿಮಿಷದ ಕೆಲಸ. ಊರಿನಿಂದ ವಾಟ್ಸ್ಆ್ಯಪ್‌ನಲ್ಲಿ ಬಂದ ಸೋಬಾನೆ ಪದವೋ, ಕೊಲ್ಲಿ ರಾಷ್ಟ್ರವೊಂದರಲ್ಲಿ ಮನೆಗೆಲಸಕ್ಕಿರುವ ಹೆಣ್ಣುಮಗಳೊಬ್ಬಳು ತಿಂಗಳುಗಟ್ಟಲೆ ಸಂಬಳ ಸಿಗದ ಸಂಕಟವನ್ನು ಹೇಳಿಕೊಂಡ ಸಂದೇಶವೋ, ಕನ್ನಡ ಸಂಘದ ಹಳೆಯ ಭಾಷಣವೋ ಇರಬಹುದು. ಅದನ್ನು ಬೇರೆಡೆ ಬಳಸಲು ಹೊರಟಾಗ ಈ ಬಗೆಯ ಫೈಲ್ ಇಲ್ಲಿ ಸಲ್ಲುವುದಿಲ್ಲ ಎಂಬ ಸಾಲು ಎದುರಾಗುತ್ತದೆ. ಹುಡುಕಿದರೆ ಉಚಿತವಾಗಿ ಬದಲಿಸಿಕೊಡುವ ಹತ್ತಾರು ತಾಣಗಳು ಸಿಗುತ್ತವೆ. ಮೊದಲನೆಯದನ್ನು ತೆರೆದು, ಫೈಲನ್ನು ಅಲ್ಲಿಗೆ ಎಳೆದು ಬಿಟ್ಟು, ಗುಂಡಿ ಒತ್ತಿ, ಹೊಸ ಫೈಲನ್ನು ಇಳಿಸಿಕೊಂಡರೆ ಮುಗಿಯಿತು. ಆ ಅರ್ಧ ನಿಮಿಷದಲ್ಲಿ ಆ ಧ್ವನಿ ಎಲ್ಲಿಗೆ ಹೋಗಿ ಬಂತು, ಅಲ್ಲಿ ಅದರ ಪ್ರತಿಯೊಂದು ಉಳಿಯಿತೇ, ಹೋದಾಗ ಇದ್ದಂತೆಯೇ ಮರಳಿ ಬಂತೇ ಎಂದು ಕೇಳುವವರು ಕಡಿಮೆ.

ಕೇಳಬೇಕಾದವರೇ ಕೇಳುತ್ತಿಲ್ಲ. ಆಧಾರ್ ಕುರಿತು, ಪ್ರಭುತ್ವದ ಕಣ್ಗಾವಲಿನ ಕುರಿತು, ದತ್ತಾಂಶವನ್ನೇ ಗಣಿಯಾಗಿಸಿಕೊಂಡ ಕಂಪನಿಗಳ ಕುರಿತು ವಿಚಾರ ಸಂಕಿರಣ ನಡೆಸುವ ಅನಿವಾಸಿ ಸಂಘಟನೆಗಳೇ, ಸಂಕಿರಣದ ಮುದ್ರಿಕೆಯನ್ನು ಹಂಚುವ ಮುನ್ನ ಹೆಸರೂ ವಿಳಾಸವೂ ಇಲ್ಲದ ತಾಣವೊಂದಕ್ಕೆ ಅದನ್ನು ಏರಿಸುತ್ತವೆ. ಸಂಕಿರಣದ ಭಾಷಣವಾದರೆ ಹೇಗೂ ಸಾರ್ವಜನಿಕ, ಹೋಗಲಿ ಎನ್ನಬಹುದು. ಆದರೆ ಅದೇ ಕೈ, ಅದೇ ಅಭ್ಯಾಸ, ಮಾರನೆಯ ದಿನ ಕಾರ್ಮಿಕರ ಸಾಕ್ಷ್ಯವನ್ನೂ ಅಲ್ಲಿಗೇ ಏರಿಸುತ್ತದೆ.

ಒಂದು ಧ್ವನಿಗೆ ಇಷ್ಟೊಂದು ರೂಪಗಳು ಏಕಿರಬೇಕು ಎಂಬ ಪ್ರಶ್ನೆಗೆ ತಂತ್ರಜ್ಞಾನದ ಉತ್ತರ ಅರ್ಧ ಮಾತ್ರ. ಉಳಿದರ್ಧ ಆಸ್ತಿಯ ಇತಿಹಾಸ. ವಾಟ್ಸ್ಆ್ಯಪ್ ಧ್ವನಿಸಂದೇಶ ಓಪಸ್ ಎಂಬ ಸಂಕೇತದಲ್ಲಿರುತ್ತದೆ. ಆ್ಯಪಲ್ ಫೋನಿನಲ್ಲಿ ಮುದ್ರಿಸಿದ್ದು ಸಾಮಾನ್ಯವಾಗಿ ಎಂ4ಎ ಆಗಿರುತ್ತದೆ. ಹಳೆಯ ಧ್ವನಿಮುದ್ರಣ ಯಂತ್ರಗಳಿಂದ ಬಂದದ್ದು ಡಬ್ಲ್ಯುಎವಿ ಅಥವಾ ಡಬ್ಲ್ಯುಎಂಎ. ಜನಸಾಮಾನ್ಯರ ಬಾಯಲ್ಲಿ ಮಾತ್ರ ಇವೆಲ್ಲಕ್ಕೂ ಎಂಪಿ3 ಎಂದೇ ಹೆಸರು. ಜರ್ಮನಿಯ ಎರ್ಲಾಂಗೆನ್‌ನಲ್ಲಿರುವ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಸಹೋದ್ಯೋಗಿಗಳು ವರ್ಷಗಟ್ಟಲೆ ದುಡಿದು ರೂಪಿಸಿದ ಈ ವಿಧಾನಕ್ಕೆ ಎಂಪಿ3 ಎಂಬ ಬಾಲನಾಮವನ್ನು ಆಯ್ದುಕೊಂಡದ್ದು 1995ರ ಜುಲೈನಲ್ಲಿ. ಅದರ ಪೇಟೆಂಟುಗಳು ಮುಗಿಯುತ್ತ ಬಂದು, ಪರವಾನಗಿ ಶುಲ್ಕ ಪಡೆಯುವ ಕಾರ್ಯಕ್ರಮ ನಿಂತದ್ದು 2017ರ ಏಪ್ರಿಲ್‌ನಲ್ಲಿ. ನಡುವಿನ ಎರಡು ದಶಕಗಳಲ್ಲಿ ಜಗತ್ತಿನ ಬಹುಪಾಲು ಹಾಡು ಯಾವ ರೂಪದಲ್ಲಿ ಹರಿದಾಡಿತೋ ಆ ರೂಪದಲ್ಲಿ ಧ್ವನಿಯನ್ನು ಬರೆಯುವ ಸಾಧನವನ್ನು ಮುಕ್ತವಾಗಿ ಹಂಚುವಂತಿರಲಿಲ್ಲ. ಫೆಡೋರಾದಂಥ ಸ್ವತಂತ್ರ ಕಾರ್ಯಾಚರಣಾ ವ್ಯವಸ್ಥೆಯು ಎಂಪಿ3 ಬರೆಯುವ ತಂತ್ರಾಂಶವನ್ನು ತನ್ನ ಜೊತೆಗೇ ಕೊಡಲು ಸಾಧ್ಯವಾದದ್ದು 2017ರಲ್ಲಿ.

ಈ ಬೇಲಿಗಳಿಗೆ ಪ್ರತಿಯಾಗಿ ಬೆಳೆದ ಇನ್ನೊಂದು ಪರಂಪರೆಯೂ ಇದೆ. ಅದನ್ನು ಪ್ರಗತಿಪರರು ತಮ್ಮದೆಂದು ಹೇಳಿಕೊಳ್ಳಬಹುದಿತ್ತು, ಆದರೆ ಬಹುತೇಕರಿಗೆ ಅದರ ಹೆಸರೂ ತಿಳಿದಿಲ್ಲ. ಫ್ಯಾಬ್ರಿಸ್ ಬೆಲ್ಲಾರ್ ಎಂಬ ಫ್ರೆಂಚ್ ತಂತ್ರಜ್ಞರು 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ಸ್ವತಂತ್ರ ತಂತ್ರಾಂಶ ಹೆಚ್ಚೂಕಡಿಮೆ ಎಲ್ಲ ಧ್ವನಿರೂಪಗಳನ್ನೂ ಓದಬಲ್ಲದು, ಬಹುಪಾಲನ್ನು ಬರೆಯಬಲ್ಲದು. 2001ರಲ್ಲಿ ಬಂದ ಫ್ಲ್ಯಾಕ್, ಧ್ವನಿಯ ಒಂದು ಬಿಟ್ಟನ್ನೂ ಕಳೆಯದೆ ಫೈಲಿನ ಗಾತ್ರವನ್ನು ಇಳಿಸುತ್ತದೆ; ಯಾರಿಗೂ ಕಾಸು ಕೊಡಬೇಕಿಲ್ಲ. ಓಪಸ್ ಕೂಡ 2012ರಲ್ಲಿ ಅಂತರ್ಜಾಲದ ಮುಕ್ತ ಮಾನದಂಡವಾಗಿ, ರಾಜಧನವಿಲ್ಲದೆ ಬಳಸುವಂತೆ ಹೊರಬಂದದ್ದು. ಪುಕ್ಕಟೆ ಪರಿವರ್ತನೆಯ ತಾಣಗಳ ಹಿಂಬದಿಯಲ್ಲಿ ಎಷ್ಟೋ ಸಲ ಕೆಲಸ ಮಾಡುವುದು ಇದೇ ಎಫ್‌ಎಫ್‌ಎಂಪೆಗ್. ಅಂದರೆ ಸ್ವಯಂಸೇವಕರು ಕಟ್ಟಿ ಎಲ್ಲರಿಗೂ ಕೊಟ್ಟಿರುವ ಉಪಕರಣದ ಮುಂದೆ ಒಂದು ಗುಂಡಿಯಿಟ್ಟು, ಸುತ್ತ ಜಾಹೀರಾತು ತುಂಬಿ, ಬಳಕೆದಾರರ ಫೈಲನ್ನು ತಮ್ಮ ಯಂತ್ರಕ್ಕೆ ಬರಮಾಡಿಕೊಳ್ಳುವುದೇ ಅಲ್ಲಿನ ವ್ಯಾಪಾರ. ಊರಿನ ಕೆರೆಯ ನೀರನ್ನು ಬಾಟಲಿಗೆ ತುಂಬಿ ಊರವರಿಗೇ ಕೊಟ್ಟು, ಕೊಡುವಾಗ ಅವರ ಮನೆಯ ಬೀಗದ ಕೈಯನ್ನು ಒಮ್ಮೆ ನೋಡಿಕೊಳ್ಳುವಂತೆ.

ಎಲ್ಲ ತಾಣಗಳೂ ಕಳ್ಳರವು ಎಂದು ಇದರ ಅರ್ಥವಲ್ಲ. ಕೆಲವು ಪ್ರಾಮಾಣಿಕವಾಗಿ ಕೆಲವೇ ಗಂಟೆಗಳಲ್ಲಿ ಫೈಲನ್ನು ಅಳಿಸುತ್ತವೆ. ಕೆಲವು ಫೈಲನ್ನು ಹೊರಗೆ ಕಳುಹಿಸದೆ ಬ್ರೌಸರಿನೊಳಗೇ ಬದಲಿಸುತ್ತವೆ. ಆದರೆ ಪರದೆಯ ಮೇಲೆ ಕಾಣುವುದು ಒಂದೇ ಬಗೆಯ ಗುಂಡಿ, ಒಂದೇ ಬಗೆಯ ಆಶ್ವಾಸನೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ ಇಂಥ ಉಚಿತ ಪರಿವರ್ತನಾ ಸಾಧನಗಳ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಅವುಗಳಲ್ಲಿ ಕೆಲವು ಹೇಳಿದ ಕೆಲಸವನ್ನು ಸರಿಯಾಗಿಯೇ ಮಾಡಿಕೊಟ್ಟು, ಜೊತೆಯಲ್ಲಿ ಹಾನಿಕಾರಕ ತಂತ್ರಾಂಶವನ್ನೂ ಗಂಟುಹಾಕುತ್ತವೆ. ಏರಿಸಿದ ಫೈಲುಗಳಿಂದ ವೈಯಕ್ತಿಕ ವಿವರಗಳನ್ನು ಹೆಕ್ಕುತ್ತವೆ ಎಂಬುದು ಅದರ ಸಾರ. ಅದೇ ವರ್ಷದ ಜುಲೈನಲ್ಲಿ ವಿಟ್ರಾನ್ಸ್‌ಫರ್ ಎಂಬ ಹೆಸರಾಂತ ಫೈಲ್ ರವಾನೆ ಸೇವೆ ತನ್ನ ಷರತ್ತುಗಳನ್ನು ಬದಲಿಸಿದಾಗ, ಬಳಕೆದಾರರ ಕಡತಗಳನ್ನು ಯಂತ್ರಕಲಿಕೆಗೆ ಬಳಸಿಕೊಳ್ಳಲು ಅದು ದಾರಿ ಮಾಡುತ್ತಿದೆ ಎಂದು ಕಲಾವಿದರು ಗಲಾಟೆ ಎಬ್ಬಿಸಿದರು. ಕಂಪನಿ ಹಾಗೆ ಮಾಡುವುದಿಲ್ಲವೆಂದು ಹೇಳಿ ಆ ಸಾಲುಗಳನ್ನು ತಿದ್ದಿತು. ಹೆಸರಿರುವ, ಕಚೇರಿ ಇರುವ, ಬೈಸಿಕೊಂಡರೆ ತಿದ್ದಿಕೊಳ್ಳುವ ಕಂಪನಿಯ ಕಥೆ ಇದು. ಹೆಸರೇ ಇಲ್ಲದ ತಾಣದ ಎದುರು ಗಲಾಟೆ ಎಬ್ಬಿಸುವುದು ಯಾರ ಮೇಲೆ?

ಧ್ವನಿಯ ಫೈಲು ಬರಿಯ ಧ್ವನಿಯೂ ಅಲ್ಲ. ವಾಟ್ಸ್ಆ್ಯಪ್ ಸಂದೇಶವನ್ನು ಹೊರತೆಗೆದರೆ ಕಡತದ ಹೆಸರಿನಲ್ಲೇ ದಿನಾಂಕ ಇರುತ್ತದೆ. ಆ್ಯಪಲ್ ಫೋನಿನ ಧ್ವನಿಮುದ್ರಣ ಆ್ಯಪ್, ಸ್ಥಳದ ಅನುಮತಿ ಕೊಟ್ಟಿದ್ದರೆ, ಮುದ್ರಿಕೆಗೆ ತಾನಿರುವ ಬೀದಿಯ ಹೆಸರನ್ನೇ ಇಡುತ್ತದೆ. ಮಾಲೀಕನ ಮನೆಯೊಳಗಿನಿಂದ ಗುಟ್ಟಾಗಿ ಮುದ್ರಿಸಿ ಕಳುಹಿಸಿದ ಹೆಣ್ಣುಮಗಳ ಸಂದೇಶದ ಮೇಲೆ ಆ ಮನೆಯ ಬೀದಿಯ ಹೆಸರು ಇದ್ದರೆ, ಅವಳ ಹೆಸರನ್ನು ಮುಚ್ಚಿಟ್ಟ ಪತ್ರಕರ್ತರ ಎಚ್ಚರಿಕೆಯೆಲ್ಲ ಆ ಒಂದು ಸಾಲಿನಲ್ಲಿ ಮಣ್ಣುಪಾಲು. ಕಫಾಲಾ ಪದ್ಧತಿಯ ನೆರಳಿನಲ್ಲಿ ಬದುಕುವ ಕರಾವಳಿಯ, ಕಲ್ಯಾಣ ಕರ್ನಾಟಕದ ಕಾರ್ಮಿಕರಿಗೆ ಫೋನಿನ ಧ್ವನಿಸಂದೇಶವೇ ದೂರು ಅರ್ಜಿ. ಓದುಬರಹ ಅಷ್ಟಾಗಿ ಬಾರದವರಿಗೆ, ಬ್ಯಾರಿ, ತುಳು, ದಖ್ಖನಿ ಆಡುತ್ತ ಕನ್ನಡದಲ್ಲಿ ಬರೆಯಲು ಹಿಂಜರಿಯುವವರಿಗೆ ಬಾಯಿಮಾತೇ ದಾಖಲೆ. ಆ ದಾಖಲೆಯನ್ನು ನಂಬಿ ಒಪ್ಪಿಸಿದ್ದು ಒಬ್ಬ ವ್ಯಕ್ತಿಗೆ, ಒಂದು ಸಂಘಟನೆಗೆ. ಆ ನಂಬಿಕೆಯನ್ನು ಮೂರನೆಯವರಿಗೆ ದಾಟಿಸುವ ಹಕ್ಕು ಅವಸರದಲ್ಲಿದ್ದ ಸ್ವಯಂಸೇವಕರಿಗೆ ಎಲ್ಲಿಂದ ಬಂತು?

ಧ್ವನಿಯನ್ನೇ ಗುರುತಿನ ಚೀಟಿಯಾಗಿ ಓದುವ ಕಾಲ ಇದು ಎಂಬುದನ್ನು ಯುರೋಪಿನಲ್ಲಿರುವ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಜರ್ಮನಿಯ ವಲಸೆ ಮತ್ತು ನಿರಾಶ್ರಿತರ ಕಚೇರಿ 2017ರಿಂದ ಆಶ್ರಯ ಕೋರಿ ಬಂದವರ ಮಾತಿನ ತುಣುಕನ್ನು ಮುದ್ರಿಸಿ, ಅದು ಯಾವ ಸೀಮೆಯ ನುಡಿ ಎಂದು ಊಹಿಸುವ ತಂತ್ರಾಂಶವನ್ನು ಬಳಸುತ್ತಿದೆ. ಮೊದಲು ಅರಬ್ಬಿಯ ಒಳನುಡಿಗಳಿಂದ ಅದು ಆರಂಭವಾಯಿತು. ಹೇಳಿದ ಊರಿಗೂ ಆಡಿದ ಮಾತಿಗೂ ತಾಳೆಯಾಗದಿದ್ದರೆ ಅರ್ಜಿದಾರರ ಮೇಲೆ ಅನುಮಾನ ಬೀಳುತ್ತದೆ. ಧಾರವಾಡದ ಕನ್ನಡಕ್ಕೂ ಕುಂದಾಪುರದ ಕನ್ನಡಕ್ಕೂ ಇರುವ ಅಂತರವನ್ನು ಬಲ್ಲ ಯಾರಿಗಾದರೂ, ಮದುವೆಯಾಗಿ ಊರು ಬಿಟ್ಟವರ, ಗುಳೆ ಹೋದವರ, ಹಾಸ್ಟೆಲಿನಲ್ಲಿ ಬೆಳೆದವರ ಮಾತು ಎಷ್ಟು ಸೀಮೆಗಳ ಬೆರಕೆ ಎಂಬುದು ಗೊತ್ತು. ಯಂತ್ರಕ್ಕೆ ಅದು ಗೊತ್ತಿರಬೇಕಾಗಿಲ್ಲ. ಇಂಥ ಯಂತ್ರಗಳಿಗೆ ಕಲಿಸಲು ಬೇಕಾಗಿರುವುದು ಸಾವಿರಾರು ತಾಸುಗಳ ಸಹಜ ಮಾತು. ಜಾಲದಲ್ಲಿ ಕನ್ನಡದ ಆಡುಮಾತು ಕಡಿಮೆ ಇರುವುದರಿಂದಲೇ ಅದರ ಬೆಲೆ ಹೆಚ್ಚು.

ಈ ಕಥೆಗೆ ನೂರು ವರ್ಷಕ್ಕೂ ಮಿಕ್ಕಿದ ಪೂರ್ವಾರ್ಧವೊಂದಿದೆ, ಅದೂ ಜರ್ಮನಿಯದೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಪರ ಹೋರಾಡಿ ಸೆರೆಸಿಕ್ಕ ಭಾರತೀಯ ಸಿಪಾಯಿಗಳನ್ನು ಬರ್ಲಿನ್ ಸಮೀಪದ ವ್ಯೂನ್ಸ್‌ಡೋರ್ಫ್‌ನ ‘ಅರ್ಧಚಂದ್ರ ಶಿಬಿರ’ದಲ್ಲಿ ಇರಿಸಲಾಗಿತ್ತು. ಪ್ರಶ್ಯದ ಧ್ವನಿಮುದ್ರಣ ಆಯೋಗದ ವಿದ್ವಾಂಸರು ಅವರನ್ನು ಒಬ್ಬೊಬ್ಬರನ್ನಾಗಿ ಕೊಳವೆಯ ಮುಂದೆ ನಿಲ್ಲಿಸಿ ಕಥೆ ಹೇಳಿಸಿದರು, ಹಾಡಿಸಿದರು, ಅಂಕಿ ಎಣಿಸಿದರು. ಭಾಷಾವಿಜ್ಞಾನಕ್ಕೆ ಅವು ಮಾದರಿಗಳು. 1916ರ ಡಿಸೆಂಬರಿನಲ್ಲಿ ಮಾಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿ ತನ್ನ ಕಥೆಯನ್ನು ‘ಒಬ್ಬ ಮನುಷ್ಯನಿದ್ದ’ ಎಂಬ ಧಾಟಿಯಲ್ಲಿ, ಬೇರೆ ಯಾರದೋ ಕಥೆಯೆಂಬಂತೆ ಹೇಳಿ, ಆ ಮನುಷ್ಯ ಹಿಂದೂಸ್ಥಾನಕ್ಕೆ ಮರಳಲು ಹಂಬಲಿಸುತ್ತಾನೆ ಎಂದ. ಆ ತಟ್ಟೆಗಳು ಇಂದು ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹಾಲಯದಲ್ಲಿವೆ. ಮೇಣದಿಂದ ಅರಗಿನ ತಟ್ಟೆಗೆ, ಅಲ್ಲಿಂದ ಡಿಜಿಟಲ್ ಫೈಲಿಗೆ ರೂಪ ಬದಲಿಸಿವೆ. ಫಿಲಿಪ್ ಶೆಫ್ನರ್ ಅವರ 2007ರ ಸಾಕ್ಷ್ಯಚಿತ್ರದಿಂದಾಗಿ ಮಾಲ್ ಸಿಂಗನ ಧ್ವನಿ ಜಗತ್ತಿಗೆ ಕೇಳಿಸಿತು. ಕೈದಿಯ ಒಪ್ಪಿಗೆಗೆ ಎಷ್ಟು ಅರ್ಥವಿರುತ್ತದೆ ಎಂದು ಆ ವಿದ್ವಾಂಸರು ತಲೆಕೆಡಿಸಿಕೊಂಡಂತೆ ತೋರುವುದಿಲ್ಲ. ಇಂದಿನ ಪರಿವರ್ತನಾ ತಾಣದ ಷರತ್ತುಗಳ ಪುಟದ ಕೆಳಗೆ ಒತ್ತಿದ ‘ಒಪ್ಪಿದೆ’ ಎಂಬ ಗುಂಡಿಯಲ್ಲಿ ಮಾತಾಡಿದವರ ಒಪ್ಪಿಗೆ ಅದಕ್ಕಿಂತಲೂ ಕಡಿಮೆ. ಅಲ್ಲಿ ಕೊಳವೆಯ ಮುಂದೆ ನಿಂತವನಿಗೆ ಮುದ್ರಣ ನಡೆಯುತ್ತಿದೆ ಎಂದಾದರೂ ತಿಳಿದಿತ್ತು.

ಇನ್ನು ಕಳೆದುಹೋಗುವ ಧ್ವನಿಯ ಮಾತು. ಇಲ್ಲಿ ಸ್ವಲ್ಪ ಲೆಕ್ಕ ಅನಿವಾರ್ಯ. ಸಿ.ಡಿ.ಯಲ್ಲಿ ಒಂದು ಸೆಕೆಂಡಿಗೆ 44,100 ಬಾರಿ ಧ್ವನಿಯ ಅಳತೆ ತೆಗೆದು, ಪ್ರತಿ ಅಳತೆಯನ್ನೂ 16 ಬಿಟ್ಟುಗಳಲ್ಲಿ, ಎಡ ಬಲ ಎರಡು ಕಡೆಗೂ ಬರೆಯಲಾಗುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಬಹುಕಾಲ ವಾಡಿಕೆಯಲ್ಲಿದ್ದ ಎಂಪಿ3 ಪ್ರಮಾಣ 128 ಕಿಲೋಬಿಟ್. ಹನ್ನೊಂದರಲ್ಲಿ ಹತ್ತು ಪಾಲು ಎಲ್ಲಿಗೆ ಹೋಯಿತು? ಒಂದಿಷ್ಟು ಜಾಣ ಲೆಕ್ಕದಿಂದ ಉಳಿತಾಯವಾಯಿತು. ಮಿಕ್ಕದ್ದನ್ನು ಕಿವಿಗೆ ಗೊತ್ತಾಗುವುದಿಲ್ಲ ಎಂಬ ಊಹೆಯ ಮೇಲೆ ಎಸೆಯಲಾಯಿತು. ಜೋರಾದ ಸದ್ದಿನ ಪಕ್ಕದ ಮೆಲ್ಲನೆಯ ಸದ್ದನ್ನು ಮನುಷ್ಯನ ಕಿವಿ ಗಮನಿಸುವುದಿಲ್ಲ ಎಂಬುದು ಆ ಊಹೆಯ ತಳಹದಿ. ಆ ಕಿವಿ ಯಾರದು? ಸುಸಾನ್ ವೇಗಾ ಎಂಬ ಅಮೆರಿಕನ್ ಗಾಯಕಿಯ ವಾದ್ಯವಿಲ್ಲದ ಹಾಡೊಂದನ್ನು ಮತ್ತೆ ಮತ್ತೆ ಕೇಳಿ ಬ್ರಾಂಡೆನ್‌ಬುರ್ಗ್ ತಮ್ಮ ವಿಧಾನವನ್ನು ಪಳಗಿಸಿದರು ಎಂಬುದು ಪ್ರಸಿದ್ಧ ಸಂಗತಿ. ಜೊನಾಥನ್ ಸ್ಟರ್ನ್ ಅವರು ಎಂಪಿ3 ಕುರಿತು 2012ರಲ್ಲಿ ಪ್ರಕಟಿಸಿದ ಗ್ರಂಥ ಈ ಕೇಳುಗನ ಕಲ್ಪನೆಯ ಬೇರುಗಳನ್ನು ದೂರವಾಣಿ ಉದ್ಯಮದ ಲಾಭದ ಲೆಕ್ಕದವರೆಗೂ ಹಿಂಬಾಲಿಸುತ್ತದೆ. ಯುರೋಪ್ ಅಮೆರಿಕಗಳ ಸಂಗೀತದ ಮೇಲೆ ಪಳಗಿದ ವಿಧಾನ ಎಂದ ಮಾತ್ರಕ್ಕೆ ಅದು ಕನ್ನಡದ ಕಿವಿಗೆ ದ್ರೋಹ ಬಗೆಯಿತು ಎನ್ನುವುದು ಅತಿರೇಕ. ಕಿವಿಯ ಶರೀರರಚನೆಗೆ ದೇಶವಿಲ್ಲ. ಆದರೆ ತಟ್ಟನೆ ಸಿಡಿಯುವ ಸದ್ದುಗಳ ಎದುರು ಈ ವಿಧಾನ ತಡವರಿಸುತ್ತದೆ, ಪೆಟ್ಟಿಗೆ ಮೊದಲೇ ಅದರ ಮಸುಕು ನೆರಳು ಕೇಳಿಸುತ್ತದೆ ಎಂಬುದು ತಂತ್ರಜ್ಞರೇ ಒಪ್ಪಿದ ದೋಷ. ಮಾದೇಶ್ವರನ ಗುಡ್ಡರ ಕಂಸಾಳೆಯಲ್ಲಿ ಇರುವುದೇ ಅಂಥ ಪೆಟ್ಟು. ಕಡಿಮೆ ಪ್ರಮಾಣದ ಎಂಪಿ3 ಸಾಮಾನ್ಯವಾಗಿ 16,000 ಹರ್ಟ್ಸ್‌ನ ಆಸುಪಾಸಿನಲ್ಲಿ ಮೇಲಿನ ಸ್ವರಗಳನ್ನು ಕತ್ತರಿಸುತ್ತದೆ. ಕಂಚಿನ ಝೇಂಕಾರ ಹರಡುವುದು ಅಲ್ಲಿಯೇ.

ಒಮ್ಮೆ ಎಸೆದದ್ದು ಮತ್ತೆ ಬಾರದು ಎಂಬುದನ್ನು ಪರಿವರ್ತನೆಯ ಗುಂಡಿ ಮರೆಮಾಚುತ್ತದೆ. ಎಂಪಿ3 ಫೈಲನ್ನು ಡಬ್ಲ್ಯುಎವಿಗೆ ಬದಲಿಸಿದರೆ ಗಾತ್ರ ಹತ್ತುಪಟ್ಟು ಉಬ್ಬುತ್ತದೆ, ಧ್ವನಿ ಒಂದಿಷ್ಟೂ ಸುಧಾರಿಸುವುದಿಲ್ಲ. ನೀರು ಬೆರೆಸಿದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದಂತೆ. ಓಪಸ್‌ನಿಂದ ಎಂಪಿ3ಗೆ, ಅಲ್ಲಿಂದ ಎಂ4ಎಗೆ ಹೀಗೆ ಕೈಯಿಂದ ಕೈಗೆ ದಾಟುವಾಗ ಪ್ರತಿ ಹೆಜ್ಜೆಯಲ್ಲೂ ಹೊಸದಾಗಿ ಒಂದಿಷ್ಟು ಸವೆಯುತ್ತದೆ. ‘ಉತ್ತಮ ಗುಣಮಟ್ಟ 320’ ಎಂಬ ಆಯ್ಕೆಯನ್ನು ಒತ್ತಿದವರು ತಮ್ಮ ಅಜ್ಜಿಯ ಹಾಡನ್ನು ಉತ್ತಮಪಡಿಸಿದೆವು ಎಂದುಕೊಳ್ಳುತ್ತಾರೆ. ಆದದ್ದು ಅದರ ಸವೆದ ಪ್ರತಿಯ ದೊಡ್ಡದೊಂದು ನಕಲು, ಅಷ್ಟೆ. ಫೈಲಿನ ಹೆಸರಿನ ಬಾಲವನ್ನು ಮಾತ್ರ ತಿದ್ದಿ ಪರಿವರ್ತನೆಯಾಯಿತೆಂದು ಭಾವಿಸುವವರೂ ಇದ್ದಾರೆ. ಅವರಿಂದ ಕನಿಷ್ಠ ಹಾನಿಯಂತೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಎದುರಾಗುವ ಆಕ್ಷೇಪ ನ್ಯಾಯವಾದದ್ದೇ. ಎಫ್‌ಎಫ್‌ಎಂಪೆಗ್ ಎಂಬುದು ಕಪ್ಪು ಪರದೆಯಲ್ಲಿ ಆಜ್ಞೆಗಳನ್ನು ಟೈಪಿಸಿ ಬಳಸುವ ಸಾಧನ. ಕಂಪ್ಯೂಟರೇ ಇಲ್ಲದ, ಅಗ್ಗದ ಫೋನೊಂದರಲ್ಲೇ ಬದುಕು ನಡೆಸುವ ಕಾರ್ಮಿಕರಿಗೆ ಅದನ್ನು ಕಲಿಯಿರಿ ಎನ್ನುವುದು ಸಿಲಿಕಾನ್ ಕಣಿವೆಯ ದೊಡ್ಡಸ್ತಿಕೆ. ಸಾಫ್ಟ್‌ವೇರ್ ಉದ್ಯೋಗಿಗಳೇ ತುಂಬಿರುವ ಅನಿವಾಸಿ ಲೋಕಕ್ಕೆ ಈ ದೊಡ್ಡಸ್ತಿಕೆ ಸಹಜವಾಗಿಬಿಟ್ಟಿದೆ. ಉಚಿತ ತಾಣಗಳು ಇರುವುದರಿಂದಲೇ ಎಷ್ಟೋ ಜನ ತಮ್ಮ ಧ್ವನಿಯನ್ನು ಬೇಕಾದಲ್ಲಿಗೆ ಮುಟ್ಟಿಸಲು ಸಾಧ್ಯವಾಗಿದೆ. ಆದ್ದರಿಂದ ದೂರು ಬಳಸುವವರ ಮೇಲಲ್ಲ. ಯಾವ ಫೈಲ್ ಸಲ್ಲುತ್ತದೆ, ಯಾವುದು ಸಲ್ಲದು ಎಂದು ಗೊತ್ತುಮಾಡುವ ಕಚೇರಿಗಳು, ಆ್ಯಪುಗಳು ಎಲ್ಲ ರೂಪಗಳನ್ನೂ ಸ್ವೀಕರಿಸಿ ತಾವೇ ಬದಲಿಸಿಕೊಳ್ಳಬಹುದಿತ್ತು. ಅದಕ್ಕೆ ಬೇಕಾದ ತಂತ್ರಾಂಶ ಪುಕ್ಕಟೆಯಾಗಿ ಬಿದ್ದಿದೆ. ಆ ಕೆಲಸವನ್ನು ಬಡ ಬಳಕೆದಾರರ ಹೆಗಲಿಗೆ ದಾಟಿಸಿದ್ದು ಅಸಡ್ಡೆ. ಕನ್ನಡ ಸಂಘಟನೆಗಳು ನಡೆಸುವ ಜಾಲಪುಟಗಳೂ ಇದಕ್ಕೆ ಹೊರತಲ್ಲ.

ಕಾನೂನಿನ ನೋಟ ಎತ್ತ ಎಂಬುದನ್ನೂ ಗಮನಿಸಬೇಕು. ಜರ್ಮನಿಯಿಂದ ನಡೆಯುತ್ತಿದ್ದ, ಯೂಟ್ಯೂಬ್ ವಿಡಿಯೋಗಳಿಂದ ಎಂಪಿ3 ತೆಗೆದುಕೊಡುತ್ತಿದ್ದ ಬೃಹತ್ ತಾಣವೊಂದರ ಮೇಲೆ ದೊಡ್ಡ ಧ್ವನಿಮುದ್ರಣ ಕಂಪನಿಗಳು 2016ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿದವು. ಮರುವರ್ಷವೇ ಆ ತಾಣ ಮುಚ್ಚಿತು. ಹಾಡಿನ ಮಾಲೀಕರ ಆಸ್ತಿಗೆ ಕುಂದು ಬಂದಾಗ ಪರಿವರ್ತನಾ ತಾಣ ಒಂದೇ ವರ್ಷದಲ್ಲಿ ಕಣ್ಮರೆಯಾಗಬಲ್ಲದು. ಹಾಡಿದವರ, ಮಾತಾಡಿದವರ ಧ್ವನಿ ಸೋರಿದಾಗ ಅದೇ ವೇಗ ಕಾಣುವುದಿಲ್ಲ. ಯುರೋಪಿನ ದತ್ತಾಂಶ ರಕ್ಷಣಾ ನಿಯಮ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ, ಭಾರತವೂ 2023ರಲ್ಲಿ ತನ್ನದೊಂದು ಕಾಯ್ದೆ ಮಾಡಿಕೊಂಡಿದೆ. ಭಾರತದ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ 1994ರ ತಿದ್ದುಪಡಿಯಿಂದೀಚೆಗೆ ಪ್ರದರ್ಶಕರ ಹಕ್ಕು ಎಂಬುದೂ ಇದೆ. ಆದರೆ ಅವನ್ನು ಹಿಡಿದು ಬಾಗಿಲು ತಟ್ಟಲು ಬಾಗಿಲು ಎಲ್ಲಿದೆ ಎಂದು ತಿಳಿದಿರಬೇಕಲ್ಲ.

ಹೊಣೆ ಹೊರಬಲ್ಲವರು ಸಂಘಟನೆಗಳು. ಅವುಗಳಿಗೆ ಕಂಪ್ಯೂಟರೂ ಇದೆ, ತಿಳಿದವರೂ ಇದ್ದಾರೆ. ವಿಎಲ್‌ಸಿ ಎಂಬ ಲಾಭರಹಿತ ಸಂಸ್ಥೆಯೊಂದರ ವಿಡಿಯೋ ಪ್ಲೇಯರ್ ಬಹಳಷ್ಟು ಮನೆಗಳ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ. ಅದರ ಪಟ್ಟಿಯೊಳಗೇ ಧ್ವನಿರೂಪ ಬದಲಿಸುವ ಆಯ್ಕೆ ಇರುವುದನ್ನು ಕಂಡವರು ಕಡಿಮೆ. ಅಡಾಸಿಟಿ ಎಂಬ ಸ್ವತಂತ್ರ ತಂತ್ರಾಂಶದಲ್ಲಿ ಕತ್ತರಿಸುವುದು, ಸ್ವಚ್ಛಗೊಳಿಸುವುದು, ಬೇರೆ ರೂಪದಲ್ಲಿ ಉಳಿಸುವುದು ಎಲ್ಲವೂ ಒಂದು ಮಧ್ಯಾಹ್ನದಲ್ಲಿ ಕಲಿಯುವಂಥದು. 2021ರಲ್ಲಿ ಅದರ ಮಾಲೀಕತ್ವ ಬದಲಾದಾಗ ಗೌಪ್ಯತೆಯ ನೀತಿಯ ಬಗ್ಗೆ ಗದ್ದಲವೆದ್ದದ್ದೂ ನಿಜ. ಆದರೂ ಫೈಲು ಮನೆಯ ಯಂತ್ರದಲ್ಲೇ ಉಳಿಯುತ್ತದೆ ಎಂಬ ವ್ಯತ್ಯಾಸ ದೊಡ್ಡದು. ಜಾಲತಾಣವನ್ನೇ ಬಳಸಬೇಕಾಗಿ ಬಂದವರಿಗೆ ಒಂದು ಸರಳ ಪರೀಕ್ಷೆ ಇದೆ. ಪುಟವನ್ನು ತೆರೆದ ಮೇಲೆ ಅಂತರ್ಜಾಲ ಸಂಪರ್ಕವನ್ನು ಕಡಿದು, ಆಮೇಲೆ ಫೈಲನ್ನು ಕೊಡುವುದು. ಆಗಲೂ ಪರಿವರ್ತನೆ ನಡೆದರೆ ಕೆಲಸ ಬ್ರೌಸರಿನೊಳಗೇ ಆಗುತ್ತಿದೆ ಎಂದು ತಿಳಿಯಬಹುದು. ಹೊಸ ಫೈಲನ್ನು ಉಳಿಸಿಕೊಂಡು ಪುಟವನ್ನು ಮುಚ್ಚಿದ ನಂತರವೇ ಸಂಪರ್ಕ ಮರಳಿಸಬೇಕು. ನಡೆಯದಿದ್ದರೆ ಫೈಲು ಬೇರೆ ಯಾರದೋ ಯಂತ್ರಕ್ಕೆ ಹೋಗಬೇಕಾಗಿದ್ದಿರಬಹುದು.

ಮೂಲ ಪ್ರತಿಯನ್ನು ಅಳಿಸದಿರುವುದು ಇದೆಲ್ಲಕ್ಕಿಂತ ಮುಖ್ಯ. ಪರಿವರ್ತಿತ ಪ್ರತಿ ಹಂಚುವುದಕ್ಕೆ, ಮೂಲ ಪ್ರತಿ ಉಳಿಸುವುದಕ್ಕೆ. ಅಂತಾರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಸಂಘದ ಮಾರ್ಗಸೂಚಿ ಹಳೆಯ ಟೇಪುಗಳನ್ನು ಡಿಜಿಟಲ್ ಮಾಡುವಾಗ ಕನಿಷ್ಠ 48,000 ಅಳತೆ, 24 ಬಿಟ್ ಇರಲೇಬೇಕು ಎನ್ನುತ್ತದೆ. ಆ ಲೆಕ್ಕದಲ್ಲಿ ಒಂದು ತಾಸಿನ ಸ್ಟೀರಿಯೋ ಧ್ವನಿಗೆ ಸುಮಾರು ಒಂದು ಗಿಗಾಬೈಟ್. ನೂರು ತಾಸಿಗೆ ನೂರು ಗಿಗಾಬೈಟ್ ಚಿಲ್ಲರೆ. ಫ್ಲ್ಯಾಕ್‌ನಲ್ಲಿಟ್ಟರೆ ಇನ್ನೂ ಕಡಿಮೆ. ಒಂದು ರಾಜ್ಯೋತ್ಸವದ ಊಟದ ಖರ್ಚಿನ ಚೂರೊಂದರಲ್ಲಿ ಇದನ್ನೆಲ್ಲ ಹಿಡಿಸುವ ಡಿಸ್ಕ್ ಎರಡೆರಡು ಬರುತ್ತವೆ. ನಾಡಗೀತೆಗೆ ಎದ್ದು ನಿಲ್ಲುವ ಸಭೆಗಳಲ್ಲಿ ಈ ಚಿಕ್ಕ ಬಾಬತ್ತನ್ನು ಎತ್ತಿದವರನ್ನು ಖಜಾಂಚಿಗಳು ವಿಚಿತ್ರವಾಗಿ ನೋಡುತ್ತಾರೆ ಎಂಬುದು ಬೇರೆ ಮಾತು.

ಹಾಗೆ ಉಳಿಸುವಂಥದ್ದು ಏನಿದೆ ಎಂದು ಕೇಳುವವರಿಗೆ ಉತ್ತರ ದಕ್ಷಿಣ ಕನ್ನಡದಲ್ಲಿದೆ. 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರು ತುಳುವಿನ ಸಿರಿ ಮಹಾಕಾವ್ಯವನ್ನು ಹಾಡಿದರು. ಫಿನ್ಲೆಂಡಿನ ಲೌರಿ ಹೊಂಕೋ ಮತ್ತು ಅನೇಲಿ ಹೊಂಕೋ, ಕರ್ನಾಟಕದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಅದನ್ನು ಮುದ್ರಿಸಿಕೊಂಡರು. ಎಂಟು ವರ್ಷಗಳ ನಂತರ ಅದು 15,683 ಸಾಲುಗಳ ಗ್ರಂಥವಾಗಿ ಹೆಲ್ಸಿಂಕಿಯಲ್ಲಿ ಅಚ್ಚಾಯಿತು. ಅಕ್ಷರಕ್ಕೆ ಇಳಿಯುವ ಮುನ್ನ ಆ ಕಾವ್ಯ ಧ್ವನಿಯಾಗಿ ಉಳಿದಿತ್ತು ಎಂಬುದರಿಂದಲೇ ಇದೆಲ್ಲ ಸಾಧ್ಯವಾಯಿತು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದ್ದೂ, ಉಡುಪಿಯಲ್ಲಿ ಕು.ಶಿ. ಹರಿದಾಸ ಭಟ್ಟರು ಪ್ರದರ್ಶನ ಕಲೆಗಳ ಸಂಪನ್ಮೂಲ ಕೇಂದ್ರ ಬೆಳೆಸಿದ್ದೂ ಇದೇ ಅರಿವಿನಿಂದ. ವಿದೇಶೀ ವಿದ್ವಾಂಸರು ಭಾರತದಲ್ಲಿ ಮುದ್ರಿಸಿಕೊಂಡು ಹೋದ ಧ್ವನಿಗಳ ಪ್ರತಿಗಳನ್ನು ಮರಳಿ ಭಾರತಕ್ಕೆ ತರಲೆಂದೇ 1982ರಲ್ಲಿ ಸ್ಥಾಪನೆಯಾದ ಜನಾಂಗ ಸಂಗೀತದ ಸಂಗ್ರಹಾಲಯ ಇಂದು ಗುರುಗ್ರಾಮದಲ್ಲಿದೆ. ಹಾಲಕ್ಕಿಗಳ ನೂರಾರು ಹಾಡು ಬಲ್ಲ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರಂತೆ ಪದ್ಮಶ್ರೀ ಸಿಗದ ಹಾಡುಗಾರ್ತಿಯರ ಧ್ವನಿ ಎಷ್ಟೋ ಕಡೆ ಇರುವುದು ಮೊಮ್ಮಗನ ಫೋನಿನಲ್ಲಿ, ಅಣ್ಣ ಬಿಟ್ಟುಹೋದ ಕ್ಯಾಸೆಟ್ಟಿನಲ್ಲಿ ಮಾತ್ರ.

ಆ ಕ್ಯಾಸೆಟ್ಟುಗಳ ಗಡುವು ಆಗಲೇ ಮೀರಿದೆ. ಆಸ್ಟ್ರೇಲಿಯದ ರಾಷ್ಟ್ರೀಯ ಸಂಗ್ರಹಾಲಯ 2015ರಲ್ಲೇ, ಆಮೇಲೆ ಯುನೆಸ್ಕೋ ಮತ್ತು ಧ್ವನಿ ಸಂಗ್ರಹಾಲಯಗಳ ಸಂಘ ಒಟ್ಟಾಗಿ, 2025ರ ಹೊತ್ತಿಗೆ ಕಾಂತಪಟ್ಟಿಗಳನ್ನು ನುಡಿಸುವ ಯಂತ್ರಗಳೂ ಬಿಡಿಭಾಗಗಳೂ ದುರಸ್ತಿ ಬಲ್ಲವರೂ ಅಪರೂಪವಾಗುತ್ತಾರೆ ಎಂದು ಎಚ್ಚರಿಸಿದ್ದವು. 1978ರ ‘ನಿತ್ಯೋತ್ಸವ’ ಧ್ವನಿಸುರುಳಿಯಿಂದ ಹಿಡಿದು, ಎಂಬತ್ತು ತೊಂಬತ್ತರ ದಶಕಗಳಲ್ಲಿ ಸೂಟ್‌ಕೇಸಿನಲ್ಲಿ ಹಪ್ಪಳ ಉಪ್ಪಿನಕಾಯಿಯ ಜೊತೆ ವಿದೇಶಕ್ಕೆ ಬಂದ ಸುರುಳಿಗಳವರೆಗೆ, ಅಂಗಡಿಯಲ್ಲಿ ಕೊಂಡದ್ದು ಹೇಗೋ ಬೇರೆಲ್ಲಾದರೂ ಸಿಕ್ಕೀತು. ಮನೆಯವರು ಪತ್ರದ ಬದಲಿಗೆ ಮಾತಾಡಿ ತುಂಬಿ ಕಳುಹಿಸಿದ ಸುರುಳಿಗೆ ಇನ್ನೊಂದು ಪ್ರತಿ ಇಲ್ಲ. ಲಂಡನ್ನಿನ, ಮೆಲ್ಬರ್ನಿನ, ನ್ಯೂಜೆರ್ಸಿಯ ಅಟ್ಟಗಳಲ್ಲಿ ಅಂಥವು ಅಂಟುಗಟ್ಟುತ್ತಿವೆ.

ಸಂಘಗಳ ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಸೇರಿಸಬಹುದಾದ ಗೊತ್ತುವಳಿ ಚಿಕ್ಕದು. ಚೆನ್ನಾಗಿ ನಡೆಯುವ ಒಂದು ಕ್ಯಾಸೆಟ್ ಪ್ಲೇಯರ್, ಅದನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಸಾಧನ, ಎರಡು ಡಿಸ್ಕು, ತಿಂಗಳಿಗೊಂದು ಶನಿವಾರ ಇಬ್ಬರು ಸ್ವಯಂಸೇವಕರು. ಹಾಡಿದವರ ಹೆಸರು, ಊರು, ಅವರ ಅಥವಾ ಅವರ ಮಕ್ಕಳ ಒಪ್ಪಿಗೆ, ಯಾರಿಗೆ ಕೇಳಿಸಬಹುದು ಯಾರಿಗೆ ಕೂಡದು ಎಂಬ ಷರತ್ತು ಇಷ್ಟನ್ನು ಬರೆದಿಡಲು ಒಂದು ನೋಟ್‌ಪುಸ್ತಕ. ಕಾರ್ಮಿಕರ ಸಾಕ್ಷ್ಯಗಳಿಗೆ ಬೇರೆ ಡಿಸ್ಕು, ಅದಕ್ಕೆ ಗುಪ್ತಪದ, ಮತ್ತು ಕಡತದ ಹೆಸರಿನಿಂದ ಬೀದಿಯನ್ನೂ ದಿನಾಂಕವನ್ನೂ ತೆಗೆದುಹಾಕಿದ ಮೇಲೆಯೇ ಮುಂದಕ್ಕೆ ಕಳುಹಿಸುವ ಕಟ್ಟುನಿಟ್ಟು. ಅಟ್ಟದಿಂದ ಡಬ್ಬ ಇಳಿಸಿ ತರುವ ಹಿರಿಯರಿಗೆ ಚಹಾ ಕೊಡುವ ಏರ್ಪಾಡು ಹೇಗೂ ಸಂಘದಲ್ಲಿರುತ್ತದೆ.